ಪೊರಕೆಕಡ್ಡಿಯ ವಿಮಾನ

ನಮ್ಮೂರಿಗೆ ಗಾಳಿ ಬರುವುದು ಸರದಿಯ ಮೇಲೆ. ಊರಿನಲ್ಲಿರುವುದು ಹನ್ನೊಂದು ಬೀದಿ, ದಿನಕ್ಕೊಂದು ಬೀದಿಗೆ ಅರ್ಧ ಗಂಟೆ ಗಾಳಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಗಾಳಿಗಂಟಿ ಬಸಲಿಂಗಣ್ಣ ಸೈಕಲ್ಲಿನ ಗಂಟೆ ಬಾರಿಸುತ್ತ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುತ್ತಾನೆ, ಅವನ ಬೆನ್ನಿಗೇ ಗಾಳಿ ಬರುತ್ತದೆ. ಉಳಿದ ಹತ್ತು ದಿನ ಒಂದು ಎಲೆಯೂ ಅಲ್ಲಾಡುವುದಿಲ್ಲ. ಒಲೆಯ ಹೊಗೆ ನೆಟ್ಟಗೆ ಎದ್ದು ಹೆಂಚಿನ ಮೇಲೆ ನಿಂತುಕೊಳ್ಳುತ್ತದೆ. ಎದುರುಮನೆ ಪದ್ದಮ್ಮನವರು ಸೋಮವಾರ ಹುರಿದ ಮೆಂತ್ಯದ ವಾಸನೆ ಗುರುವಾರವೂ ಅವರ ಬಾಗಿಲಲ್ಲೇ ಇರುತ್ತದೆ. ಹೊರಗಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಮೊದಲು ಕಕ್ಕಾಬಿಕ್ಕಿಯಾಗುತ್ತಾರೆ. ಆಮೇಲೆ ಅವರೂ ಅಡುಗೆಮನೆಯ ಗೋಡೆಯ ಮೇಲೆ ಇದ್ದಲಿನ ಗೀಟು ಹಾಕಿ ದಿನ ಎಣಿಸುವುದನ್ನು ಕಲಿಯುತ್ತಾರೆ.

ಸರದಿಯ ದಿನ ನಮ್ಮ ಬೀದಿಯನ್ನು ನೋಡಬೇಕು. ಕೇರದ ರಾಗಿ, ತೂರದ ಅವರೆ, ಒಗೆದ ಸೀರೆ, ಕಮಟು ಹಾಸಿಗೆ ಎಲ್ಲವೂ ಒಂಬತ್ತಕ್ಕೇ ಬಾಗಿಲಿಗೆ ಬಂದು ಕುಳಿತಿರುತ್ತವೆ. ಗಂಟೆ ಕೇಳಿದ್ದೇ ತಡ, ಮೊರಗಳು ಮೇಲೇಳುತ್ತವೆ, ಹೊಟ್ಟು ಹಾರುತ್ತದೆ, ಹೊಟ್ಟು ಕಣ್ಣಿಗೆ ಬಿತ್ತೆಂದು ಪಕ್ಕದವರು ಬೈಯುತ್ತಾರೆ, ಬೈಗುಳವೂ ಗಾಳಿಯಲ್ಲಿ ಹೋಗಿಬಿಡುವುದರಿಂದ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಅರ್ಧ ಗಂಟೆಯಾದ ಮೇಲೆ ಎಲ್ಲವೂ ತಟಸ್ಥ. ಸೀರೆಗಳು ತಂತಿಯಿಂದ ನೇರವಾಗಿ ಇಳಿಬಿದ್ದು ಹತ್ತು ದಿನದ ಮೌನ ಹಿಡಿಯುತ್ತವೆ.

ಇದರಲ್ಲಿ ಒಂದು ಪದ್ಧತಿ ಇದೆ. ಬೀದಿಯ ಯಾವುದಾದರೂ ಮಗುವಿನ ಹುಟ್ಟುಹಬ್ಬವೂ ಗಾಳಿಯ ಸರದಿಯೂ ಒಂದೇ ದಿನ ಬಿದ್ದರೆ, ಗಾಳಿಯ ಮೊದಲ ಪಾಲು ಆ ಮಗುವಿನದು. ಮಗು ಗಾಳಿಪಟವನ್ನೋ ಹಕ್ಕಿಗರಿಯನ್ನೋ ಬಣ್ಣದ ಕಾಗದವನ್ನೋ ಹಾರಿಸಿ, ತೃಪ್ತಿಯಾಗಿ, ತನ್ನ ಬಾಯಿಂದಲೇ ‘ಸಾಕು’ ಅನ್ನುವ ತನಕ ಬೀದಿಯಲ್ಲಿ ಒಂದು ಮೊರವೂ ಮೇಲೇಳುವಂತಿಲ್ಲ. ಮಕ್ಕಳು ಸಾಮಾನ್ಯವಾಗಿ ಐದು ನಿಮಿಷಕ್ಕೆ ‘ಸಾಕು’ ಅನ್ನುತ್ತವೆ, ಏಕೆಂದರೆ ಹಿಂದಿನಿಂದ ತಾಯಿ ಗಿಲ್ಲುತ್ತಿರುತ್ತಾಳೆ. ಪದ್ದಮ್ಮನವರ ಮಗನಿಗೆ ಆರನೆಯ ವರ್ಷದಲ್ಲಿ ಇಂಥ ಯೋಗ ಬಂದಿತ್ತು. ಈಗ ಅವನಿಗೆ ಮೀಸೆ ಬಂದಿದೆ, ಹೆಂಡತಿ ಬಂದಿದ್ದಾಳೆ, ಆದರೂ ಮಾತಿಗೆ ಕುಳಿತರೆ ಆ ಐದು ನಿಮಿಷದ ವಿಷಯವನ್ನೇ ತೆಗೆಯುತ್ತಾನೆ.

ಈ ಸಲ ಆ ಯೋಗ ನನ್ನ ಅಕ್ಕ ಸುಭದ್ರೆಯ ಮಗಳು ಚಂಪಿಗೆ ಬಂತು. ನಾನು ವಾಮನ, ಪುಸ್ತಕಕ್ಕೆ ರಟ್ಟು ಕಟ್ಟುವವನು. ಅಕ್ಕನ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಅಂಗಡಿ, ಅಲ್ಲೇ ಊಟ, ಅಲ್ಲೇ ನಿದ್ದೆ. ಕೆಲಸದಲ್ಲಿ ನನ್ನ ಕೈ ಚುರುಕು, ಅದಕ್ಕಿಂತ ಬಾಯಿ ಚುರುಕು. ಚಂಪಿಗೆ ಐದು ತುಂಬಿದಾಗ ಉಯ್ಯಾಲೆ ಮಾಡಿಕೊಡುತ್ತೇನೆಂದಿದ್ದೆ. ಹಗ್ಗ ತಂದಿದ್ದೂ ಉಂಟು. ಆರು ತುಂಬಿದಾಗ ಮಾತಾಡುವ ಗಿಳಿ ತರುತ್ತೇನೆಂದಿದ್ದೆ. ಅದರ ಸುದ್ದಿ ಬೇಡ. ಈ ಸಲ ಏಳು ತುಂಬುತ್ತಿತ್ತು. ಎರಡು ತಿಂಗಳ ಮುಂಚೆಯೇ ಚಂಪಿ ಗೀಟುಗಳನ್ನು ಎಣಿಸಿ, ಬೆರಳು ಮಡಚಿ, ಮತ್ತೆ ಎಣಿಸಿ, ನನ್ನ ಅಂಗಡಿಗೆ ಬಂದು ನಿಂತಳು.

“ಮಾವ, ನನ್ನ ಹುಟ್ಟಿದಬ್ಬದ ದಿನ ಗಾಳಿ ಬರತ್ತೆ. ಮೊದಲ್ನೇ ಪಾಲು ನಂದು. ನಂಗೆ ವಿಮಾನ ಬೇಕು.”

ವಿಮಾನಗಳು ನಮ್ಮೂರಿನ ಮೇಲೆ ದಿನಕ್ಕೆರಡು ಸಲ ಹೋಗುತ್ತವೆ. ತುಂಬ ಎತ್ತರದಲ್ಲಿ, ಬೆಳ್ಳಗೆ, ಸದ್ದು ಹಿಂದೆ ಬಿಟ್ಟು. ಅಷ್ಟು ಮೇಲೆ ಅವರಿಗೆ ದಿನಾ ಗಾಳಿ ಸಿಗುತ್ತದೆ, ಪುಣ್ಯವಂತರು ಎಂದು ಊರಿನವರು ಮಾತಾಡಿಕೊಳ್ಳುತ್ತಾರೆ.

“ವಿಮಾನ ತಾನೇ?” ಅಂದೆ. “ಅದೇನ್ ಮಹಾ. ಮಾಡ್ಕೊಡ್ತೀನಿ ಬಿಡು.”

ಚಂಪಿ ಹೊರಟುಹೋಗಲಿಲ್ಲ. ನನ್ನ ಮುಖವನ್ನೇ ನೋಡುತ್ತ, “ನೀನು ಬರೀ ಹೇಳ್ತೀಯ,” ಅಂದಳು. ಸಿಟ್ಟಿನಿಂದಲ್ಲ. ನೀರು ತಣ್ಣಗಿದೆ ಅನ್ನುವ ಹಾಗೆ ಅಂದಳು. ಅವಳು ನನ್ನ ಅಂಗೈ ತೆರೆಸಿ, ತನ್ನ ಪುಟ್ಟ ಕೈಯಿಂದ ಹೊಡೆದು ಆಣೆ ಹಾಕಿಸಿಕೊಂಡಳು. ಸಂಜೆಯೊಳಗೆ ಇಡೀ ಶಾಲೆಗೆ ಸುದ್ದಿಯಾಗಿತ್ತು. ಹೀಗಾಗಿ ವಿಮಾನ ಹಾರದಿದ್ದರೆ ನಾನು ಆ ಮಗುವಿನ ಕಣ್ಣಲ್ಲಿ ಜೀವಮಾನವಿಡೀ ಬರೀ ಹೇಳುವ ಮಾವನಾಗಿಯೇ ಉಳಿಯುತ್ತಿದ್ದೆ. ಮೂರನೆಯ ಸಲ ತಪ್ಪಿದವನನ್ನು ಮಕ್ಕಳು ಬೈಯುವುದಿಲ್ಲ, ಕೇಳುವುದನ್ನೇ ಬಿಟ್ಟುಬಿಡುತ್ತವೆ.

ಎರಡು ತಿಂಗಳು ಮೈಮುರಿದು ದುಡಿದೆ. ಈ ಸಲ ತೋರಿಸಿಯೇ ಬಿಡಬೇಕೆಂದು ಅತಿ ದಪ್ಪದ ರಟ್ಟು ತಂದೆ, ಒಳಗೆ ತೇಗದ ಪಟ್ಟಿಗಳ ಚೌಕಟ್ಟು ಕೂರಿಸಿದೆ, ಮೇಲೆ ಕೆಂಪು ಕ್ಯಾಲಿಕೋ ಬಟ್ಟೆ ಹೊದಿಸಿದೆ. ಒಂದೊಂದು ಬದಿಗೆ ಹದಿನಾಲ್ಕು ಕಿಟಕಿ, ಕಿಟಕಿಗಳಿಗೆ ಪರದೆ. ಒಳಗೆ ಚರ್ಮದ ಆಸನ. ಗ್ರಂಥಗಳ ಬೆನ್ನಿಗೆ ಒತ್ತುವ ಚಿನ್ನದ ಅಕ್ಷರದಲ್ಲಿ ಮೂತಿಯ ಮೇಲೆ ‘ಕುಮಾರಿ ಚಂಪಕಾ’ ಎಂದು ಒತ್ತಿದೆ. ಅಕ್ಕನ ಎರಡು ಕುಂಕುಮದ ಭರಣಿಗಳು ಚಕ್ರಗಳಾದವು, ಅವಳು ಅವನ್ನು ಇನ್ನೂ ಹುಡುಕುತ್ತಿದ್ದಾಳೆ. ನಡುವೆ ಸರದಿ ಬಂದಾಗಲೆಲ್ಲ ಕೆಲಸ ಅರ್ಧದಲ್ಲಿತ್ತು, ಮುಗಿದ ಮೇಲೆ ಹಾರಿಸಿ ನೋಡುವುದಕ್ಕೆ ಗಾಳಿ ಇರಲಿಲ್ಲ. ಗಾಳಿಯಿಲ್ಲದ ದಿನ ಏನನ್ನಾದರೂ ಮೇಲಕ್ಕೆಸೆದು ನೋಡುವ ತಲೆಕೆಟ್ಟವರು ನಮ್ಮೂರಿನಲ್ಲಿ ಹಿಂದೆಯೂ ಇರಲಿಲ್ಲ, ಆಗಲೂ ಇರಲಿಲ್ಲ.

ಹುಟ್ಟುಹಬ್ಬದ ದಿನ ಬೆಳಿಗ್ಗೆ ಏಳೂವರೆಗೆ ವಿಮಾನವನ್ನು ಜಗುಲಿಗೆ ತಂದಿಟ್ಟೆ. ತರುವಾಗ ಸೊಂಟ ಚಳಕ್ಕೆಂದಿತು. ಚಂಪಿ ಎಣ್ಣೆನೀರು ಹಾಕಿಸಿಕೊಂಡು, ಹೊಸ ಲಂಗ ಉಟ್ಟು ಬಂದವಳು ಬಾಯಿ ತೆರೆದುಕೊಂಡು ನಿಂತುಬಿಟ್ಟಳು. ಈ ಬದಿಯ ಹದಿನಾಲ್ಕು ಕಿಟಕಿಗಳಲ್ಲೂ ಒಂದೊಂದಾಗಿ ಇಣುಕಿದಳು. ಆ ಹೊತ್ತಿನಲ್ಲಿ ನನ್ನಂಥ ಸುಖಿ ಹನ್ನೊಂದು ಬೀದಿಗಳಲ್ಲಿ ಇನ್ನೊಬ್ಬನಿರಲಿಲ್ಲ.

ಅಷ್ಟರಲ್ಲಿ ಬಸಲಿಂಗಣ್ಣ ಸೈಕಲ್ ತಳ್ಳಿಕೊಂಡು ಬಂದ. ಜರಿ ಪಂಚೆ ಉಟ್ಟಿದ್ದ, ಹೆಗಲ ಮೇಲೆ ಶಲ್ಯ.

“ವಾಮನಪ್ಪೋರೇ, ನನ್ ಷಡ್ಡಕನ ಮಗಳ ನಿಶ್ಚಿತಾರ್ಥ ಇದೆ ಇವತ್ತು. ಹತ್ತು ಗಂಟೇದನ್ನ ಎಂಟಕ್ಕೇ ಮುಗಿಸಿ ಹೋಗ್ತೀನಿ. ಎಲ್ರಿಗೂ ಹೇಳ್ತಾ ಬರ್ತಿದೀನಿ,” ಅಂದವನ ಕಣ್ಣು ವಿಮಾನದ ಮೇಲೆ ಬಿತ್ತು. ಬಗ್ಗಿ, ಎರಡೂ ಕೈಯಿಂದ ಎತ್ತಿ, ಉಸ್ಸೆಂದು ಕೆಳಗಿಟ್ಟ. “ಇದೇನು ತೊಟ್ಟಿಲಾ?”

“ವಿಮಾನ,” ಅಂದಳು ಚಂಪಿ.

ಬಸಲಿಂಗಣ್ಣ ನನ್ನನ್ನು ಕಂಬದ ಮರೆಗೆ ಕರೆದ. “ಸ್ವಾಮಿ, ನಮ್ ಗಾಳೀನ ಇಪ್ಪತ್ತೆಂಟು ವರ್ಷದಿಂದ ನೋಡ್ತಿದೀನಿ. ಹೊಟ್ಟು ತೂರತ್ತೆ, ಸೀರೆ ಒಣಗಿಸತ್ತೆ. ಇದನ್ನ ಎತ್ತು ಅಂದ್ರೆ ಅದು ನನ್ನನ್ನ ಉಗಿಯತ್ತೆ. ಮಗೀಗೆ ಏನಾರ ಹಗುರವಾದ್ದು ಮಾಡ್ಕೊಡಿ.” ಅಷ್ಟು ಹೇಳಿ ಮುಂದಿನ ಮನೆಗೆ ಹೋದ. ಎಂಟಕ್ಕೆ ಹದಿನೈದು ನಿಮಿಷವಿತ್ತು.

ನಾನು ತಿರುಗಿ ನೋಡಿದೆ. ಚಂಪಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೆಳತುಟಿ ಮುಂದಕ್ಕೆ ಬರುವುದರಲ್ಲಿತ್ತು, ಆದರೆ ಅವಳು ಅದನ್ನು ಹಲ್ಲಿನಿಂದ ಹಿಡಿದುಕೊಂಡಿದ್ದಳು. ನನಗೆ ಅಳು ಬರುವ ಹಾಗಾಯಿತು. ಅಳುವುದಕ್ಕೆ ಹೊತ್ತಿರಲಿಲ್ಲ.

“ಅಕ್ಕಾ, ಪೊರಕೆ ಕೊಡೇ,” ಎಂದು ಕೂಗಿದೆ.

“ಶುಭದಿನ ಬೆಳಿಗ್ಗೇನೇ ಪೊರಕೆ ಕೇಳ್ತೀಯಲ್ಲೋ,” ಎನ್ನುತ್ತಲೇ ಅಕ್ಕ ತೆಂಗಿನಕಡ್ಡಿಯ ಹೊಸ ಪೊರಕೆಯನ್ನು ಹಿತ್ತಲ ಬಾಗಿಲಿಂದ ಎಸೆದಳು. ಒಳ್ಳೆಯ ದಪ್ಪನೆಯ ಕಡ್ಡಿಯೊಂದನ್ನು ಹಿರಿದು ಮೊಳದುದ್ದಕ್ಕೆ ಮುರಿದೆ. ವಿಮಾನದ ಮೈ ಆಯಿತು. ರೆಕ್ಕೆಗೆ ಹಗುರವಾದದ್ದೇನೆಂದು ಹುಡುಕಿದರೆ ಕೈಗೆ ಸಿಕ್ಕಿದ್ದು ಅಚ್ಚಾಗಿ ಉಳಿದ ಲಗ್ನಪತ್ರಿಕೆಗಳ ಕಟ್ಟು. ಒಂದನ್ನು ಬಿಡಿಸಿ ಉದ್ದಕ್ಕೆ ಕತ್ತರಿಸಿದೆ, ಬಲರೆಕ್ಕೆಯ ಮೇಲೆ ವರ ಬಂದ, ಎಡರೆಕ್ಕೆಯ ಮೇಲೆ ವಧು. ಬಾಲಕ್ಕೆ ‘ಬಂಧುಮಿತ್ರರ ಆಗಮನಾಭಿಲಾಷಿಗಳು’ ಎಂಬ ಸಾಲು ಸರಿಹೋಯಿತು. ಅಂಟು ಒಣಗುವ ತನಕ ಕಾಯಲು ಆಗುವುದಿಲ್ಲವೆಂದು ಪುಸ್ತಕ ಹೊಲಿಯುವ ದಾರದಿಂದ ಅಡ್ಡಡ್ಡ ಬಿಗಿದೆ. ಚಂಪಿ ಹತ್ತಿರ ಬಂದು, ದಾರದ ತುದಿಯನ್ನು ಹಿಡಿದುಕೊಂಡಳು.

ಬೆರಳ ಮೇಲೆ ಇಟ್ಟು ನೋಡಿದರೆ ಬಾಲ ಕೆಳಗೆ, ಮೂತಿ ಮೇಲೆ.

“ಮಾವ, ಮೂತಿಗೆ ಏನಾದ್ರೂ ತಿನ್ಸು,” ಅಂದಳು.

ಅಡುಗೆಮನೆಗೆ ಓಡಿದವಳೇ ಹೋಳಿಗೆಗೆ ಕಲಸಿಟ್ಟ ಕಣಕದಿಂದ ಒಂದು ಚಿಟಿಕೆ ತಂದು ಮೂತಿಗೆ ಮೆತ್ತಿದಳು. ಸಾಲಲಿಲ್ಲ. ಇನ್ನೊಂದು ಚಿಟಿಕೆ. ಈಗ ಕಡ್ಡಿ ಅವಳ ತೋರುಬೆರಳ ಮೇಲೆ ಅಡ್ಡಡ್ಡ ನಿಂತಿತು, ಆ ಕಡೆ ಈ ಕಡೆ ಸ್ವಲ್ಪ ತೂಗಿ ಸುಮ್ಮನಾಯಿತು. ಕೆಂಪು ವಿಮಾನಕ್ಕೆ ಎರಡು ತಿಂಗಳು ಹಿಡಿದಿತ್ತು, ಇದಕ್ಕೆ ಹತ್ತು ನಿಮಿಷವೂ ಆಗಿರಲಿಲ್ಲ. ನೋಡಲಿಕ್ಕೆ ಯಾರೋ ತುಳಿದ ಚಿಟ್ಟೆಯ ಹಾಗಿತ್ತು.

ಸೈಕಲ್ ಗಂಟೆ ಕೇಳಿಸಿತು. ಬೀದಿಗೆ ಬೀದಿಯೇ ಬಾಗಿಲಲ್ಲಿ ನಿಂತಿತ್ತು. ಮೊರಗಳಲ್ಲಿ ರಾಗಿ ತುಂಬಿತ್ತು, ತೋಳುಗಳ ಮೇಲೆ ಒದ್ದೆ ಸೀರೆಗಳಿದ್ದವು, ಆದರೆ ಯಾರ ಕೈಯೂ ಮೇಲೇಳಲಿಲ್ಲ. ಮೊದಲ ಪಾಲು ಚಂಪಿಯದು. “ಹಾರ್ಸು ಕಂದಾ,” ಎಂದು ಪದ್ದಮ್ಮನವರು ಕೂಗಿದರು. ಚಂಪಿ ಜಗುಲಿಯ ತುದಿಯಲ್ಲಿ ನಿಂತು ಬೆನ್ನ ಹಿಂದಿನಿಂದ ಬಂದ ಗಾಳಿಗೆ ವಿಮಾನವನ್ನು ಬಿಟ್ಟಳು. ಅದು ಎರಡು ಪಲ್ಟಿ ಹೊಡೆದು ಪದ್ದಮ್ಮನವರ ಹಪ್ಪಳದ ಚಾಪೆಯ ಮೇಲೆ ಬಿತ್ತು.

ಎದುರು ಗಾಳಿಗೆ ಬಿಟ್ಟಳು. ವಿಮಾನ ನೆಟ್ಟಗೆ ಮೇಲೇರಿ, ಹಿಂದಕ್ಕೆ ಮಗುಚಿ, ನಮ್ಮದೇ ಗೋಡೆಗೆ ಬಡಿಯಿತು. ಅಡ್ಡ ಬಿಟ್ಟಳು. ಚರಂಡಿ. ನಾನು ಬಿಟ್ಟೆ. ಅಕ್ಕ ಬಿಟ್ಟಳು. ಪದ್ದಮ್ಮನವರ ಮೀಸೆಯ ಮಗ, “ನಂಗೆ ಅನುಭವ ಇದೆ,” ಎಂದು ಬಂದು ಬಿಟ್ಟ, ಅದು ಅವನ ಹೆಂಡತಿಯ ತುರುಬಿಗೆ ಸಿಕ್ಕಿಕೊಂಡಿತು. ಪ್ರತಿ ಸಲ ಬಿದ್ದಾಗಲೂ ರೆಕ್ಕೆಗಳು ಇನ್ನಷ್ಟು ಮೇಲಕ್ಕೆ ಸೊಟ್ಟಗಾಗುತ್ತಿದ್ದವು. ವರ ವಧುವಿನ ಕಡೆ ವಾಲತೊಡಗಿದ. ಬೀದಿಯವರು ಮೊದಮೊದಲು ನಕ್ಕರು, ಆಮೇಲೆ ಸಲಹೆ ಕೊಟ್ಟರು, ಆಮೇಲೆ ತಮ್ಮ ಮೊರಗಳನ್ನು ನೋಡಿಕೊಂಡರು.

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಗಾಳಿ ಬೀಸುತ್ತಿತ್ತು, ರಾಗಿ ಮೊರದಲ್ಲೇ ಇತ್ತು. ಚಂಪಿ ‘ಸಾಕು’ ಅನ್ನಲಿಲ್ಲ. ಅಕ್ಕ ಹಿಂದಿನಿಂದ ಗಿಲ್ಲಲೂ ಇಲ್ಲ, ಅವಳಿಗೆ ನನ್ನ ಮುಖ ಕಾಣುತ್ತಿತ್ತು. ಪದ್ದಮ್ಮನವರು ಮೊರವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸುತ್ತಿದ್ದರು. ಒಬ್ಬರಾದರೂ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಇಡೀ ಬೀದಿಯ ಹನ್ನೊಂದು ದಿನದ ಗಾಳಿಯನ್ನು ನನ್ನ ಬಾಯಿ ತಿಂದುಹಾಕುತ್ತಿತ್ತು, ಅದನ್ನು ಎಲ್ಲರೂ ಮರ್ಯಾದೆಯಿಂದ ನೋಡುತ್ತಿದ್ದರು.

ಕೊನೆಗೆ ತಂತಿಗಳ ಗುಂಯ್‌ಗುಟ್ಟುವಿಕೆ ನಿಂತಿತು. ಬೇವಿನ ಎಲೆಗಳು ನಿಂತವು. ಗಾಳಿ ಮುಗಿದಿತ್ತು.

ಪದ್ದಮ್ಮನವರು ಮೊರವನ್ನು ಮೆಲ್ಲಗೆ ಕೆಳಗಿಟ್ಟು, “ಇರ್ಲಿ ಬಿಡು, ರಾಗಿ ಎಲ್ಗೂ ಓಡ್ಹೋಗಲ್ಲ,” ಅಂದರು. ನಾನು ಜಗುಲಿಯಿಂದ ಇಳಿದು ನಾಲ್ಕು ಹೆಜ್ಜೆ ಕೆಳಗೆ ಹೋಗಿ ಬೀದಿಯ ಮಧ್ಯದಲ್ಲಿ ನಿಂತೆ. ಚಂಪಿ ಜಗುಲಿಯ ಮೇಲೆ ವಿಮಾನ ಹಿಡಿದುಕೊಂಡು ನಿಂತಿದ್ದಳು. ಅಭ್ಯಾಸಬಲದಿಂದ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು.

“ಚಂಪೀ, ಮುಂದಿನ ಸರದಿಗೆ ನೋಡು, ಇದಕ್ಕಿಂತ ದೊಡ್ಡ…”

“ಬೇಡ,” ಎಂದು ಕಿರುಚಿದಳು. “ನೀನು ಏನೂ ಹೇಳ್ಬೇಡ ಮಾವ.” ಕಣ್ಣೀರು ಧುಮುಕಿತು. ಕೈಯಲ್ಲಿದ್ದದ್ದನ್ನು ಸಿಟ್ಟಿನಿಂದ ನನ್ನ ಮುಖಕ್ಕೇ ಎಸೆದಳು.

ಅದು ನನ್ನ ಮುಖಕ್ಕೆ ಬರಲಿಲ್ಲ. ಬರುತ್ತ ಬರುತ್ತ ಸ್ವಲ್ಪ ಮೇಲೆದ್ದಿತು, ನನ್ನ ನೆತ್ತಿಯ ಕೂದಲನ್ನು ಸವರಿತು, ಹಾಗೆಯೇ ಮುಂದೆ ಹೋಯಿತು. ಬಿದ್ದ ಸದ್ದು ಕೇಳಲೆಂದು ಕಾದೆ. ಕೇಳಲಿಲ್ಲ. ತಿರುಗಿದೆ. ನಮ್ಮ ಬೀದಿ ಇಳಿಜಾರು. ಆ ಇಳಿಜಾರಿನುದ್ದಕ್ಕೂ, ಆಳೆತ್ತರದಲ್ಲಿ, ಒಂದಿಷ್ಟೂ ಅಲುಗದೆ, ಲಗ್ನಪತ್ರಿಕೆಯ ರೆಕ್ಕೆ ಚಾಚಿಕೊಂಡು ವಿಮಾನ ಹೋಗುತ್ತಿತ್ತು. ಪದ್ದಮ್ಮನವರ ಮನೆ ದಾಟಿತು. ಅಕ್ಕಸಾಲಿಗರ ಮನೆ ದಾಟಿತು. ಗಾಳಿ ಬೀದಿಯ ಕೆಳಗೆ ತಂದು ಬಿಟ್ಟಿದ್ದ ಮೆಂತ್ಯದ ವಾಸನೆಯೊಳಗೆ ಹೊಕ್ಕು ಆಚೆಯಿಂದ ಹೊರಬಂದಿತು. ಒಂದು ಎಲೆ ಅಲ್ಲಾಡುತ್ತಿರಲಿಲ್ಲ, ಒಂದು ಸೀರೆ ಅಲ್ಲಾಡುತ್ತಿರಲಿಲ್ಲ, ಅದೊಂದೇ ಹೋಗುತ್ತಿತ್ತು. ಎಲ್ಲರ ತಲೆಗಳೂ ಒಟ್ಟಿಗೆ ಅದರ ಹಿಂದೆ ತಿರುಗುತ್ತಿದ್ದವು. ಬೀದಿಯ ಬುಡದಲ್ಲಿ ಎಡಕ್ಕೆ ವಾಲಿ, ನಾಳೆ ಸರದಿಯಿರುವ ಪಕ್ಕದ ಬೀದಿಯೊಳಗೆ ನುಸುಳಿ ಮರೆಯಾಯಿತು.

ಮರುಕ್ಷಣ ಪಕ್ಕದ ಬೀದಿಯಲ್ಲಿ ಗಲಾಟೆಯೆದ್ದಿತು. ಅಲ್ಲಿನ ದರ್ಜಿ ವೆಂಕೋಬರಾಯರು ವಿಮಾನವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದರು. ಹಿಂದೆ ಹತ್ತು ಜನ.

“ನಮ್ ಗಾಳೀನ ನಿಮ್ ಬೀದಿಗೆ ಯಾರ್ರೀ ಬಿಟ್ಟಿದ್ದು?” ಎಂದು ಕೇಳಿದರು. “ನಾಳೆ ಸರದಿ ನಮ್ದು. ಇದು ಹಾರ್ಕೊಂಡು ಬಂದಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಎಲ್ಲಿ ಬಸಲಿಂಗಣ್ಣ?”

ಬಸಲಿಂಗಣ್ಣ ನಿಶ್ಚಿತಾರ್ಥಕ್ಕೆ ಹೊರಟವನು ಪೆಡಲಿನ ಮೇಲೆ ಒಂದು ಕಾಲಿಟ್ಟು ಹಾಗೆಯೇ ನಿಂತಿದ್ದ. ಬೆರಳನ್ನು ಬಾಯಲ್ಲಿ ಅದ್ದಿ ಎತ್ತಿ ಹಿಡಿದ. ಬಹಳ ಹೊತ್ತು ಹಿಡಿದಿದ್ದ. ಇಪ್ಪತ್ತೆಂಟು ವರ್ಷ ಗಾಳಿ ಬಿಟ್ಟ ಅವನ ಮುಖದ ಮೇಲೆ ಏನೇನೋ ಬಂದು ಹೋಯಿತು.

“ಗಾಳಿ ಇಲ್ಲ ಸ್ವಾಮಿ,” ಅಂದ. “ಒಂದ್ ಚೂರೂ ಇಲ್ಲ.”

“ಗಾಳಿ ಇಲ್ದೆ ಹೆಂಗ್ರೀ ಹಾರತ್ತೆ?”

ಚಂಪಿ ಆಗಲೇ ಬೀದಿಯ ಕೆಳಗೆ ಓಡಿಬಂದಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಹಾಗೆಯೇ ಇತ್ತು, ಒರೆಸಿಕೊಳ್ಳುವುದನ್ನು ಮರೆತಿದ್ದಳು. ವೆಂಕೋಬರಾಯರ ಬೆರಳಿನಿಂದ ವಿಮಾನವನ್ನು ಬಿಡಿಸಿಕೊಂಡು, ಮೂತಿಯ ಕಣಕವನ್ನು ಒತ್ತಿ ಸರಿಮಾಡಿ, ಯಾರ ಅಪ್ಪಣೆಯನ್ನೂ ಕೇಳದೆ ಮತ್ತೆ ಎಸೆದಳು. ಹೋಯಿತು. ರಾಯರ ತಲೆಯ ಮೇಲಿಂದ, ಅವರ ಹಿಂದಿನ ಹತ್ತು ಜನರ ಮೇಲಿಂದ, ಜಾರುತ್ತ ಜಾರುತ್ತ ಹೋಯಿತು.

“ಇದಕ್ಕೆ ಗಾಳಿ ಬೇಡ,” ಅಂದಳು.

ಆಮೇಲೆ ನಡೆದದ್ದನ್ನು ಕ್ರಮವಾಗಿ ಹೇಳಲು ನನಗೆ ಬರುವುದಿಲ್ಲ. ಯಾರು ಮೊದಲು ಪೊರಕೆ ಮುರಿದರೋ ತಿಳಿಯದು. ಎರಡು ಬೀದಿಗಳ ಪೊರಕೆಗಳೆಲ್ಲ ಕಡ್ಡಿಗಳಾದವು. ನನ್ನ ಅಂಗಡಿಯ ಲಗ್ನಪತ್ರಿಕೆಗಳು ಖಾಲಿಯಾದವು, ಅಕ್ಕನ ಹೋಳಿಗೆಯ ಕಣಕ ಖಾಲಿಯಾಯಿತು, ಪದ್ದಮ್ಮನವರು ರಾಗಿಮುದ್ದೆಯನ್ನೇ ತಂದು ಹಂಚಿದರು. ಚಂಪಿ ಜಗುಲಿಯ ಮೇಲೆ ಕುಳಿತು ಒಬ್ಬೊಬ್ಬರ ವಿಮಾನವನ್ನೂ ಬೆರಳ ಮೇಲಿಟ್ಟು ನೋಡಿ, “ಇನ್ನೊಂದ್ ಚಿಟಿಕೆ,” “ರೆಕ್ಕೆ ಮೇಲಕ್ಕೆ ಬಗ್ಗಿಸ್ರೀ,” ಎಂದು ಹೇಳುತ್ತಿದ್ದಳು. ವೆಂಕೋಬರಾಯರು ಸಾಲಿನಲ್ಲಿ ಎರಡು ಸಲ ನಿಂತರು. ಪದ್ದಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗುಲಿಯಿಂದ ಎಸೆದು, ಅದರ ಹಿಂದೆಯೇ ಬರಿಗಾಲಲ್ಲಿ ಓಡುತ್ತ, “ನಂದೂ ಹೋಗ್ತಿದೆ, ನಂದೂ ಹೋಗ್ತಿದೆ,” ಎನ್ನುತ್ತಿದ್ದರು. ಬಸಲಿಂಗಣ್ಣ ನಿಶ್ಚಿತಾರ್ಥಕ್ಕೆ ಹೋದನೋ ಇಲ್ಲವೋ, ಅವನ ಸೈಕಲ್ ಮಾತ್ರ ಸಂಜೆಯ ತನಕ ನಮ್ಮ ಬೇವಿನ ಮರಕ್ಕೆ ಒರಗಿತ್ತು.

ಊಟದ ಹೊತ್ತು ಮೀರಿದ ಮೇಲೆ ಚಂಪಿ ನನ್ನ ಪಕ್ಕದಲ್ಲಿ ಬಂದು ಕುಳಿತಳು. ಓಡಿ ಓಡಿ ಮುಖ ಕೆಂಪಗಾಗಿತ್ತು. ಏಳು ವರ್ಷದಲ್ಲಿ ಅವಳು ಎಂದೂ ಕೇಳದಿದ್ದ ಪ್ರಶ್ನೆಯನ್ನು, ನಮ್ಮೂರಿನಲ್ಲಿ ಯಾವ ಮಗುವೂ ಕೇಳದಿದ್ದ ಪ್ರಶ್ನೆಯನ್ನು, ತಗ್ಗಿದ ದನಿಯಲ್ಲಿ ಕೇಳಿದಳು.

“ಮಾವ, ನಾಳೇನೂ ಹಾರಿಸ್ಬಹುದಾ?”

ಕೊಡುತ್ತೇನೆ, ತರುತ್ತೇನೆ, ಮಾಡುತ್ತೇನೆ ಎಂದು ಹೇಳಬೇಕಾದ್ದು ಇಲ್ಲಿ ಏನೂ ಇರಲಿಲ್ಲ.

“ನಾಳೇನೂ ಹಾರಿಸು,” ಅಂದೆ.

“ನಾಡಿದ್ದು?”

“ನಾಡಿದ್ದೂ.”

“ಆಚೆ ನಾಡಿದ್ದು?”

“ಆಚೆ ನಾಡಿದ್ದೂ ಕಣೇ.”

ಅದರಾಚೆಯ ದಿನಕ್ಕೆ ಏನನ್ನಬೇಕೆಂದು ಅವಳಿಗೆ ತಿಳಿಯಲಿಲ್ಲ. ಬೆರಳು ಮಡಚಲು ಹೋದವಳು ಅರ್ಧಕ್ಕೇ ಬಿಟ್ಟು, ನನ್ನ ಭುಜವನ್ನು ಹಿಡಿದು ಎದ್ದು ನಿಂತು, ವಿಮಾನವನ್ನು ಎಸೆದಳು.